ಸಿ ಡ್ರೈವ್ ಇದೆ, ಎ ಡ್ರೈವ್ ಎಲ್ಲಿ ಹೋಯಿತು? ಗ್ಯಾರಿ ಕಿಲ್ಡಾಲ್ ಎಂಬ ಮೇಷ್ಟ್ರ ಕಥೆ

ಮನೆಯ ಲ್ಯಾಪ್‌ಟಾಪ್ ನಿಧಾನವಾಗಿದೆ, ಆನ್ ಮಾಡಿದರೆ ಆಗಾಗ ನೀಲಿ ಪರದೆ ಬರುತ್ತಿದೆ. ಏನು ಮಾಡುತ್ತೇವೆ? ಎಮ್ಮೆದೊಡ್ಡಿ ಕಡೆಯವರಾದರೆ ಕಡೂರಿಗೋ ತರೀಕೆರೆಗೋ ಅಜ್ಜಂಪುರಕ್ಕೋ ಹೋಗುವ ದಿನ ಅದನ್ನೂ ಬ್ಯಾಗಿಗೆ ಹಾಕಿಕೊಳ್ಳುತ್ತೇವೆ. ಅಂಗಡಿಯಲ್ಲಿ ಕೊಟ್ಟು, ಫಾರ್ಮ್ಯಾಟ್ ಹೊಡೆದು ಹೊಸದಾಗಿ ವಿಂಡೋಸ್ ಹಾಕಿಕೊಡಿ ಎನ್ನುತ್ತೇವೆ. ಅಲ್ಲಿ ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ಸಿ ಡ್ರೈವ್‌ನಲ್ಲಿ ಮುಖ್ಯವಾದದ್ದು ಏನಾದರೂ ಇದೆಯಾ ಎಂಬುದು. ಡಿ ಡ್ರೈವ್‌ನಲ್ಲಿದ್ದರೆ ಏನೂ ಆಗುವುದಿಲ್ಲ ಎಂಬ ಸಮಾಧಾನವೂ ಜೊತೆಗೇ ಬರುತ್ತದೆ.

ನಾವೂ ತಲೆಯಾಡಿಸಿ ಬರುತ್ತೇವೆ. ಆದರೆ ಈ ಸಿ ಎಂದರೆ ಏನು, ಡಿ ಎಂದರೆ ಏನು? ಎ ಮತ್ತು ಬಿ ಎಲ್ಲಿಗೆ ಹೋದವು? ಡಿಯಲ್ಲಿದ್ದರೆ ನಿಜಕ್ಕೂ ಏನೂ ಆಗುವುದಿಲ್ಲವೇ? ಮಕ್ಕಳ ಹತ್ತು ವರ್ಷದ ಫೋಟೋಗಳು, ತೋಟದ ಲೆಕ್ಕ, ಸ್ಕ್ಯಾನ್ ಮಾಡಿಟ್ಟ ಅಂಕಪಟ್ಟಿ, ಇವೆಲ್ಲ ಉಳಿಯುತ್ತವೋ ಇಲ್ಲವೋ ಎಂಬುದು ಈ ಪ್ರಶ್ನೆಗಳ ಉತ್ತರದ ಮೇಲೆ ನಿಂತಿದೆ. ಉತ್ತರ ಹುಡುಕುತ್ತಾ ಹಿಂದಕ್ಕೆ ಹೋದರೆ ನಮಗೆ ಸಿಗುವವರು ಅಮೆರಿಕದ ಒಬ್ಬ ಮೇಷ್ಟ್ರು. ಅವರ ಹೆಸರು ಗ್ಯಾರಿ ಕಿಲ್ಡಾಲ್.

ಈ ಹೆಸರನ್ನು ನೀವು ಕೇಳಿಲ್ಲದಿರಬಹುದು. ಆದರೆ ಹೆಸರಿಲ್ಲದೆ ಅವರ ಕಥೆಯನ್ನು ಮೊಬೈಲಿನಲ್ಲಿ ಓದಿರುವ ಸಾಧ್ಯತೆ ಇದೆ. ಐಬಿಎಂ ಕಂಪನಿಯವರು ಕೋಟಿಗಟ್ಟಲೆ ವ್ಯವಹಾರ ಹಿಡಿದುಕೊಂಡು ಒಬ್ಬನ ಮನೆ ಬಾಗಿಲಿಗೆ ಬಂದರು, ಆತ ವಿಮಾನ ಹಾರಿಸುವ ಶೋಕಿಗೆ ಹೋಗಿದ್ದ, ಆ ಅವಕಾಶ ಬಿಲ್ ಗೇಟ್ಸ್‌ಗೆ ಸಿಕ್ಕಿತು, ಆದ್ದರಿಂದ ಸಮಯಪಾಲನೆ ಮಾಡಿ ಎಂಬ ನೀತಿಕಥೆ ಅದು. ಕೇಳಲು ಚೆನ್ನಾಗಿದೆ. ಆದರೆ ಅರ್ಧ ಸತ್ಯ. ಮೊದಲು ಆ ಮನುಷ್ಯನ ಬದುಕು ನೋಡೋಣ, ವಿಮಾನದ ವಿಷಯಕ್ಕೆ ಆಮೇಲೆ ಬರೋಣ.

ನಾವಿಕರ ಶಾಲೆಯ ಹುಡುಗ

ಗ್ಯಾರಿ ಕಿಲ್ಡಾಲ್ ಹುಟ್ಟಿದ್ದು 1942ರ ಮೇ 19ರಂದು, ಅಮೆರಿಕದ ಸಿಯಾಟಲ್ ನಗರದಲ್ಲಿ. ಅವರ ಕುಟುಂಬ ಅಲ್ಲಿ ಹಡಗು ನಡೆಸುವವರಿಗೆ ದಿಕ್ಕು ಲೆಕ್ಕ ಹಾಕುವುದನ್ನು ಕಲಿಸುವ ಶಾಲೆ ನಡೆಸುತ್ತಿತ್ತು. ಗಣಿತದ ಮೇಷ್ಟ್ರಾಗಬೇಕೆಂದು ಹುಡುಗ ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿದ. ಅಲ್ಲಿ ಕಂಪ್ಯೂಟರ್ ಕಣ್ಣಿಗೆ ಬಿತ್ತು. ಗಣಿತ ಪಕ್ಕಕ್ಕೆ ಸರಿಯಿತು. 1963ರಲ್ಲಿ, ಶಾಲಾ ದಿನಗಳಿಂದ ಪರಿಚಯವಿದ್ದ ಡೊರೊಥಿ ಮೆಕ್‌ಯುವೆನ್ ಅವರನ್ನು ಮದುವೆಯಾದರು.

ಅದು ವಿಯೆಟ್ನಾಂ ಯುದ್ಧದ ಕಾಲ. ಯುವಕರಿಗೆ ಸೇನಾ ಸೇವೆಯ ಕರೆ ಬರುತ್ತಿತ್ತು. ಕಿಲ್ಡಾಲ್ ತಮ್ಮ ಸೇವೆಯನ್ನು ಸಲ್ಲಿಸಿದ್ದು ಪಾಠ ಹೇಳುವ ಮೂಲಕ. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿರುವ ನೌಕಾಪಡೆಯ ಸ್ನಾತಕೋತ್ತರ ಶಾಲೆಯಲ್ಲಿ ಅವರು ಮೇಷ್ಟ್ರಾದರು. 1972ರಲ್ಲಿ ಪಿಎಚ್‌ಡಿ ಮುಗಿಸಿದ ಮೇಲೂ ಅಲ್ಲೇ ಪಾಠ ಮಾಡಿದರು.

ಆ ಹೊತ್ತಿಗೆ ಇಂಟೆಲ್ ಕಂಪನಿ ಒಂದು ಹೊಸ ವಸ್ತು ತಂದಿತ್ತು. ಕಂಪ್ಯೂಟರಿನ ಲೆಕ್ಕ ಮಾಡುವ ಭಾಗವನ್ನೆಲ್ಲ ಒಂದೇ ಚಿಪ್‌ನಲ್ಲಿ ಇಟ್ಟಿದ್ದ ಮೈಕ್ರೋಪ್ರೊಸೆಸರ್ ಅದು. ಈಗ ನಿಮ್ಮ ಮೊಬೈಲಿನಲ್ಲಿರುವ ಚಿಪ್‌ನ ಮುತ್ತಜ್ಜ ಎನ್ನಬಹುದು. ಅದನ್ನು ಟ್ರಾಫಿಕ್ ದೀಪ, ತಕ್ಕಡಿಯಂಥ ಉಪಕರಣಗಳಿಗೆ ಹಾಕಬಹುದು ಎಂಬುದು ಬಹಳ ಮಂದಿಯ ಲೆಕ್ಕಾಚಾರವಾಗಿತ್ತು. ಅದರಿಂದ ಪೂರ್ತಿ ಕಂಪ್ಯೂಟರ್ ಕಟ್ಟಬಹುದು ಎಂದು ನಂಬಿದ ಕೆಲವರಲ್ಲಿ ಕಿಲ್ಡಾಲ್ ಒಬ್ಬರು. ಪಾಠವಿಲ್ಲದ ದಿನಗಳಲ್ಲಿ ಇಂಟೆಲ್‌ಗೆ ಸಲಹೆಗಾರರಾಗಿ ಹೋಗುತ್ತಿದ್ದರು. ಆ ಚಿಪ್‌ಗಳಿಗೆ ಪ್ರೋಗ್ರಾಂ ಬರೆಯಲು ಪಿಎಲ್/ಎಂ ಎಂಬ ಭಾಷೆಯನ್ನೂ ರೂಪಿಸಿಕೊಟ್ಟರು.

ಒಂದು ಫೋಟೋಗೂ ಸಾಲದ ಫ್ಲಾಪಿ

ಚಿಪ್ ಇತ್ತು, ಭಾಷೆ ಇತ್ತು, ಬರೆದದ್ದನ್ನು ಉಳಿಸಿಡಲು ಮಾತ್ರ ಸರಿಯಾದ ಜಾಗ ಇರಲಿಲ್ಲ. ಆಗ ಪ್ರೋಗ್ರಾಂಗಳನ್ನು ರಂಧ್ರ ಕೊರೆದ ಕಾಗದದ ಪಟ್ಟಿಯಲ್ಲಿ ಇಡುತ್ತಿದ್ದರು. ಕಿಲ್ಡಾಲ್ ಕೈಗೆ ಶುಗಾರ್ಟ್ ಕಂಪನಿಯ 8 ಇಂಚಿನ ಫ್ಲಾಪಿ ಡ್ರೈವ್ ಒಂದು ಬಂತು. ಆ ಫ್ಲಾಪಿಯಲ್ಲಿ ಹಿಡಿಸುತ್ತಿದ್ದದ್ದು ಸುಮಾರು 250 ಕಿಲೋಬೈಟ್. ನಿಮ್ಮ ಮೊಬೈಲಿನ ಒಂದು ಸಾಧಾರಣ ಫೋಟೋ ಇಡಲು ಅಂಥ ಹತ್ತಕ್ಕೂ ಹೆಚ್ಚು ಫ್ಲಾಪಿ ಬೇಕಾಗುತ್ತಿತ್ತು!

ಡ್ರೈವ್ ಇದ್ದರೆ ಸಾಲದು. ಯಾವ ಫೈಲು ಎಲ್ಲಿದೆ, ಎಲ್ಲಿ ಖಾಲಿ ಜಾಗ ಇದೆ ಎಂದು ಲೆಕ್ಕ ಇಡುವ ಶಾನುಭೋಗರು ಬೇಕು. ಆ ಕೆಲಸ ಮಾಡುವ ತಂತ್ರಾಂಶವನ್ನು ಕಿಲ್ಡಾಲ್ ಬರೆದರು. ಡ್ರೈವನ್ನು ಕಂಪ್ಯೂಟರಿಗೆ ಜೋಡಿಸುವ ವಿದ್ಯುನ್ಮಾನ ಭಾಗವನ್ನು ಸ್ನೇಹಿತ ಜಾನ್ ಟೊರೋಡ್ ಮಾಡಿಕೊಟ್ಟರು. 1974ರಲ್ಲಿ, ಮಾಂಟೆರೆ ಪಕ್ಕದ ಪೆಸಿಫಿಕ್ ಗ್ರೋವ್ ಎಂಬ ಸಣ್ಣ ಊರಿನಲ್ಲಿ ಇದು ಮೊದಲು ಕೆಲಸ ಮಾಡಿತು. ಅದರ ಹೆಸರು ಸಿಪಿ/ಎಂ.

ಇದು ಬೇಕೇ ಎಂದು ಇಂಟೆಲ್ ಅನ್ನು ಕೇಳಿದರು. ಇಂಟೆಲ್‌ಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ಹಾಗಾಗಿ ಗಂಡ ಹೆಂಡತಿ ಸೇರಿ ತಾವೇ ಮಾರಲು ಹೊರಟರು. ಕಂಪನಿಗೆ ಮೊದಲು ಇಟ್ಟ ಹೆಸರು ಇಂಟರ್‌ಗ್ಯಾಲಕ್ಟಿಕ್ ಡಿಜಿಟಲ್ ರಿಸರ್ಚ್. ಆಮೇಲೆ ಬರೀ ಡಿಜಿಟಲ್ ರಿಸರ್ಚ್ ಆಯಿತು. ತಂತ್ರಾಂಶದ ಕೆಲಸ ಗ್ಯಾರಿಯದು, ವ್ಯವಹಾರದ ಬಹುಪಾಲು ಡೊರೊಥಿಯವರದು.

ಎ, ಬಿ ಬಂದದ್ದು ಹೀಗೆ

ಒಂದು ಫ್ಲಾಪಿಯಿಂದ ಇನ್ನೊಂದಕ್ಕೆ ನಕಲು ಮಾಡಬೇಕೆಂದರೆ ಎರಡು ಡ್ರೈವ್ ಇದ್ದರೆ ಅನುಕೂಲ. ಯಾವುದರಿಂದ ಯಾವುದಕ್ಕೆ ಎಂದು ಹೇಳಲು ಹೆಸರು ಬೇಕಲ್ಲ? ಸಿಪಿ/ಎಂ ಮೊದಲನೆಯದನ್ನು ಎ ಎಂದು ಕರೆಯಿತು, ಎರಡನೆಯದನ್ನು ಬಿ ಎಂದು. ಡಿಸ್ಕ್‌ಗಳನ್ನು ಅಕ್ಷರದಿಂದ ಕರೆಯುವ ರೂಢಿ ಐಬಿಎಂನ ದೊಡ್ಡ ಕಂಪ್ಯೂಟರುಗಳಲ್ಲಿ ಮೊದಲೇ ಇತ್ತು. ಅದನ್ನು ಮೇಜಿನ ಮೇಲಿನ ಸಣ್ಣ ಕಂಪ್ಯೂಟರಿಗೆ ತಂದದ್ದು ಸಿಪಿ/ಎಂ.

ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ಎ ಎಂಬುದು ಡ್ರೈವ್‌ನ ಹೆಸರು ಅಷ್ಟೇ. ಅದರ ಹಿಂದೆ ಯಾವ ಕಂಪನಿಯ ಯಂತ್ರ ಇದೆ, ಅದು ಹೇಗೆ ತಿರುಗುತ್ತದೆ ಎಂಬುದು ಪ್ರೋಗ್ರಾಂ ಬಳಸುವವರಿಗೆ ಬೇಕಿಲ್ಲ. ಇದೇ ಯೋಚನೆಯನ್ನು ಕಿಲ್ಡಾಲ್ ಇನ್ನೂ ಮುಂದಕ್ಕೆ ಒಯ್ದರು. 1977ರ ಹೊತ್ತಿಗೆ ಇಮ್ಸೈ ಎಂಬ ಕಂಪನಿ ತನ್ನ ಕಂಪ್ಯೂಟರಿಗೆ ಸಿಪಿ/ಎಂ ಬೇಕು ಎಂದಿತು. ಅವರ ಡಿಸ್ಕ್ ಯಂತ್ರವೇ ಬೇರೆ. ಪ್ರತಿ ಹೊಸ ಯಂತ್ರಕ್ಕೂ ಇಡೀ ತಂತ್ರಾಂಶವನ್ನು ತಿದ್ದುತ್ತಾ ಕುಳಿತರೆ ಮುಗಿಯುವುದು ಯಾವಾಗ?

ಕಿಲ್ಡಾಲ್ ಸಿಪಿ/ಎಂ ಅನ್ನು ಎರಡು ಪದರವಾಗಿ ಬೇರ್ಪಡಿಸಿದರು. ಯಂತ್ರದ ಜೊತೆ ನೇರವಾಗಿ ಮಾತಾಡುವ ಸಣ್ಣ ಭಾಗ ಕೆಳಗೆ. ಎಲ್ಲ ಯಂತ್ರಕ್ಕೂ ಒಂದೇ ಆಗಿರುವ ದೊಡ್ಡ ಭಾಗ ಮೇಲೆ. ಹೊಸ ಕಂಪ್ಯೂಟರ್ ಬಂದರೆ ಕೆಳಗಿನ ಸಣ್ಣ ಭಾಗ ಬದಲಿಸಿದರೆ ಸಾಕು. ಆ ಕೆಳಗಿನ ಭಾಗಕ್ಕೆ ಅವರು ಇಟ್ಟ ಹೆಸರು ಬಯಾಸ್. ಹೌದು, ರಿಪೇರಿ ಅಂಗಡಿಯಲ್ಲಿ ಬಯಾಸ್‌ಗೆ ಹೋಗಿ ಬೂಟ್ ಬದಲಿಸಬೇಕು ಎನ್ನುತ್ತಾರಲ್ಲ, ಆ ಪದ ಬಂದದ್ದು ಇಲ್ಲಿಂದಲೇ. ಇಂದಿನ ಲ್ಯಾಪ್‌ಟಾಪ್‌ಗಳಲ್ಲಿ ಅದರ ಜಾಗಕ್ಕೆ ಯುಇಎಫ್‌ಐ ಬಂದಿದೆ. ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ.

ಇದರ ಪರಿಣಾಮ ದೊಡ್ಡದು. 1980ರ ದಶಕ ಶುರುವಾಗುವ ಹೊತ್ತಿಗೆ ಸುಮಾರು 3,000 ಮಾದರಿಯ ಕಂಪ್ಯೂಟರುಗಳಲ್ಲಿ ಸಿಪಿ/ಎಂ ಓಡುತ್ತಿತ್ತು. ಯಾರೋ ಬರೆದ ಪ್ರೋಗ್ರಾಂ ಇನ್ನಾರದೋ ಕಂಪ್ಯೂಟರಿನಲ್ಲಿ ನಡೆಯುವುದು ಈಗ ನಮಗೆ ಮಾಮೂಲಿ. ಸಣ್ಣ ಕಂಪ್ಯೂಟರುಗಳಲ್ಲಿ ಅದನ್ನು ಮಾಮೂಲಿ ಮಾಡಿದವರಲ್ಲಿ ಕಿಲ್ಡಾಲ್ ಮೊದಲಿಗರು.

ಒಂದು ಡಿಸ್ಕ್, ಹಲವು ಹಿಸ್ಸಾ

ಆಮೇಲೆ ಹಾರ್ಡ್ ಡಿಸ್ಕ್ ಬಂತು. ಫ್ಲಾಪಿಗಿಂತ ಎಷ್ಟೋ ಪಟ್ಟು ಜಾಗ. ಆದರೆ 1979ರಲ್ಲಿ ಬಂದ ಸಿಪಿ/ಎಂನ ಎರಡನೇ ಆವೃತ್ತಿಗೆ ಒಂದು ಮಿತಿ ಇತ್ತು. ಒಂದು ಡ್ರೈವ್ ಹೆಚ್ಚೆಂದರೆ 8 ಮೆಗಾಬೈಟ್ ಇರಬಹುದು, ಒಟ್ಟು 16 ಡ್ರೈವ್ ಇರಬಹುದು. ಡಿಸ್ಕ್ 8 ಮೆಗಾಬೈಟ್‌ಗಿಂತ ದೊಡ್ಡದಾದರೆ? ಅದನ್ನು ಭಾಗ ಮಾಡಿ ಒಂದೊಂದಕ್ಕೆ ಒಂದೊಂದು ಅಕ್ಷರ ಕೊಡಬೇಕು. ಪೆಟ್ಟಿಗೆಯೊಳಗೆ ಇರುವುದು ಒಂದೇ ಡಿಸ್ಕ್, ಪರದೆಯ ಮೇಲೆ ಕಾಣುವುದು ಎರಡು ಮೂರು.

ಇದು ನಮ್ಮ ಊರುಗಳಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯವೇ. ನಾಲ್ಕು ಎಕರೆ ಜಮೀನು, ಒಂದೇ ಸರ್ವೆ ನಂಬರ್. ಅಣ್ಣ ತಮ್ಮ ಪೋಡಿ ಮಾಡಿಸಿಕೊಂಡರೆ ಹಿಸ್ಸಾ 1, ಹಿಸ್ಸಾ 2 ಎಂದಾಗುತ್ತದೆ. ನೆಲ ಒಂದೇ, ದಾಖಲೆಯಲ್ಲಿ ಎರಡು. ಕಂಪ್ಯೂಟರಿನಲ್ಲಿ ಪಾರ್ಟಿಷನ್ ಎಂದರೆ ಪೋಡಿ. ಯಾವ ಭಾಗ ಎಲ್ಲಿಂದ ಎಲ್ಲಿಯವರೆಗೆ ಎಂದು ಡಿಸ್ಕ್‌ನ ಆರಂಭದಲ್ಲಿ ಬರೆದಿಡುವ ಪಟ್ಟಿಯೇ ಪಾರ್ಟಿಷನ್ ಟೇಬಲ್. ಅದು ಪಹಣಿ ಮತ್ತು ನಕ್ಷೆ ಇದ್ದ ಹಾಗೆ.

ಒಂದೇ ಹುಲ್ಲುಗಾವಲಿನ ವ್ಯವಸ್ಥೆಯನ್ನು ಬಳಕೆಗೆ ತಕ್ಕಂತೆ ಭಾಗ ಮಾಡುವುದೂ ಈ ಸೀಮೆಗೆ ಹೊಸದಲ್ಲ. ಅಜ್ಜಂಪುರದಲ್ಲಿ ಇಂದಿಗೂ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರ ಇದೆ. ಮೈಸೂರು ಸಂಸ್ಥಾನದ ಕಾಲದಲ್ಲಿ ಆ ದನಗಳ ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ಬೇರೆ ಮಾಡಿದ್ದರು. ಮಳೆಗಾಲದ ಕಾವಲಿಗೆ ಬೇಸಿಗೆಯಲ್ಲಿ ದನ ಬಿಟ್ಟರೆ ವ್ಯವಸ್ಥೆಯೇ ಕೆಡುತ್ತದೆ. ಡಿಸ್ಕ್‌ನಲ್ಲೂ ಹಾಗೇ. ವಿಂಡೋಸ್‌ಗೆ ಒಂದು ಭಾಗ, ನಮ್ಮ ಫೈಲುಗಳಿಗೆ ಒಂದು ಭಾಗ ಎಂದು ಬೇರೆ ಇಟ್ಟರೆ ಒಂದನ್ನು ಅಳಿಸುವಾಗ ಇನ್ನೊಂದನ್ನು ಮುಟ್ಟಬೇಕಾಗಿಲ್ಲ. ಅಳಿಸುವವರು ಸರಿಯಾದ ಭಾಗವನ್ನೇ ಆರಿಸಿದರೆ ಮಾತ್ರ!

ವಿಮಾನದ ಕಥೆಯ ನಿಜ

ಈಗ ಆ ಫಾರ್ವರ್ಡ್‌ಗೆ ಬರೋಣ. 1980ರಲ್ಲಿ ಐಬಿಎಂ ತನ್ನ ಮೊದಲ ಪರ್ಸನಲ್ ಕಂಪ್ಯೂಟರ್ ತಯಾರಿಸುತ್ತಿತ್ತು. ಆಪರೇಟಿಂಗ್ ಸಿಸ್ಟಂ ಬೇಕೆಂದು ಮೈಕ್ರೋಸಾಫ್ಟ್ ಬಳಿ ಹೋಯಿತು. ಮೈಕ್ರೋಸಾಫ್ಟ್ ಬಳಿ ಆಗ ಅಂಥದ್ದು ಇರಲಿಲ್ಲ. ಕಿಲ್ಡಾಲ್ ಅವರನ್ನು ನೋಡಿ ಎಂದು ಕಳಿಸಿದವರು ಸ್ವತಃ ಬಿಲ್ ಗೇಟ್ಸ್.

ಐಬಿಎಂನವರು ಪೆಸಿಫಿಕ್ ಗ್ರೋವ್‌ಗೆ ಬಂದ ದಿನ ಬೆಳಿಗ್ಗೆ ಕಿಲ್ಡಾಲ್ ಇರಲಿಲ್ಲ ಎಂಬುದು ನಿಜ. ತಮ್ಮ ವಿಮಾನ ತೆಗೆದುಕೊಂಡು ಹೋಗಿದ್ದೂ ನಿಜ. ಆದರೆ ಶೋಕಿಗೆ ಅಲ್ಲ. ಬಿಲ್ ಗಾಡ್‌ಬೌಟ್ ಎಂಬ ಇನ್ನೊಬ್ಬ ಗ್ರಾಹಕರ ಬಳಿ ಕೆಲಸವಿತ್ತು, ನಾವು ಬೈಕ್ ಹತ್ತಿ ಹೋಗುವಂತೆ ಅವರು ವಿಮಾನ ಹತ್ತಿ ಹೋಗುತ್ತಿದ್ದರು. ಐಬಿಎಂನವರ ಜೊತೆ ಕುಳಿತದ್ದು ಡೊರೊಥಿ. ಅಂಥ ಮಾತುಕತೆ ಅವರ ದಿನನಿತ್ಯದ ಕೆಲಸವೇ ಆಗಿತ್ತು.

ಮಾತು ತೊಡಕಾದದ್ದು ಕಾಗದದ ವಿಷಯಕ್ಕೆ. ಮಾತಾಡಿದ್ದನ್ನೆಲ್ಲ ಗುಟ್ಟಾಗಿಡುತ್ತೇವೆ ಎಂಬ, ಐಬಿಎಂಗೆ ಮಾತ್ರ ಅನುಕೂಲವಾದ ಒಪ್ಪಂದಕ್ಕೆ ಮೊದಲೇ ಸಹಿ ಹಾಕಬೇಕಿತ್ತು. ಡೊರೊಥಿ ಮತ್ತು ವಕೀಲರು ಹಿಂಜರಿದರು. ಮಧ್ಯಾಹ್ನ ತಾವು ಮರಳಿ ಬಂದು ಮಾತುಕತೆಗೆ ಕುಳಿತದ್ದಾಗಿ ಕಿಲ್ಡಾಲ್ ಆಮೇಲೆ ಹೇಳಿಕೊಂಡಿದ್ದಾರೆ. ಅಲ್ಲಿದ್ದವರ ನೆನಪುಗಳು ಈ ವಿಷಯದಲ್ಲಿ ಒಂದಕ್ಕೊಂದು ಹೊಂದುವುದಿಲ್ಲ. ಎಲ್ಲರೂ ಒಪ್ಪುವುದು ಇಷ್ಟು: ಷರತ್ತು ಮತ್ತು ಹಣದ ವಿಷಯದಲ್ಲಿ ಒಪ್ಪಂದ ಕುದುರಲಿಲ್ಲ.

ಐಬಿಎಂ ಮತ್ತೆ ಮೈಕ್ರೋಸಾಫ್ಟ್ ಬಳಿ ಹೋಯಿತು. ಅದೇ 1980ರಲ್ಲಿ ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಎಂಬ ಕಂಪನಿಯ ಟಿಮ್ ಪ್ಯಾಟರ್‌ಸನ್ ಒಂದು ಆಪರೇಟಿಂಗ್ ಸಿಸ್ಟಂ ಬರೆದಿದ್ದರು. ಸಿಪಿ/ಎಂಗೆ ಬರೆದ ಪ್ರೋಗ್ರಾಂಗಳನ್ನು ಸುಲಭವಾಗಿ ಇದಕ್ಕೆ ತರಬಹುದು ಎಂಬಂತೆ ಅದರ ನಡೆಯನ್ನೇ ಅನುಸರಿಸಿದ್ದರು. ಮೈಕ್ರೋಸಾಫ್ಟ್ ಅದನ್ನು ಪಡೆದು, ತಿದ್ದಿ, ಐಬಿಎಂಗೆ ಕೊಟ್ಟಿತು. ಅದೇ ಡಾಸ್. ಎ, ಬಿ ಎಂಬ ಅಕ್ಷರಗಳೂ ಅದರ ಜೊತೆಗೇ ಬಂದವು.

1981ರ ಆಗಸ್ಟ್‌ನಲ್ಲಿ ಐಬಿಎಂ ಪಿಸಿ ಮಾರುಕಟ್ಟೆಗೆ ಬಂತು. ತಮ್ಮ ಸಿಪಿ/ಎಂಗೂ ಡಾಸ್‌ಗೂ ಇರುವ ಹೋಲಿಕೆ ನೋಡಿ ಕಿಲ್ಡಾಲ್ ತಕರಾರು ತೆಗೆದರು. ಆಗ ತಂತ್ರಾಂಶದ ಹಕ್ಕುಸ್ವಾಮ್ಯದ ಕಾನೂನು ಇನ್ನೂ ಗಟ್ಟಿಯಾಗಿರಲಿಲ್ಲ. ಕೋರ್ಟಿಗೆ ಹೋಗುವ ಬದಲು ರಾಜಿ ಆಯಿತು. ಸಿಪಿ/ಎಂನ ಹೊಸ ಆವೃತ್ತಿಯನ್ನೂ ಐಬಿಎಂ ಮಾರುತ್ತದೆ, ಗ್ರಾಹಕರು ಬೇಕಾದ್ದನ್ನು ಆರಿಸಿಕೊಳ್ಳಲಿ ಎಂದು. ಅಂಗಡಿಗೆ ಬಂದಾಗ ಡಾಸ್ ಬೆಲೆ 40 ಡಾಲರ್, ಸಿಪಿ/ಎಂ ಬೆಲೆ 240 ಡಾಲರ್. ಜನ ಯಾವುದನ್ನು ಕೊಂಡಿರಬಹುದು ಎಂದು ಹೇಳಬೇಕಾಗಿಲ್ಲ.

ಅಂದರೆ ಇದು ಸಮಯಪಾಲನೆಯ ಕಥೆ ಅಲ್ಲ. ಒಪ್ಪಂದದ ಷರತ್ತು, ಬೆಲೆ, ಕಾನೂನು ಇವುಗಳ ಕಥೆ. ಒಂದು ಬೆಳಿಗ್ಗೆ ಆಫೀಸಿನಲ್ಲಿ ಇರಲಿಲ್ಲ ಎಂಬ ಒಂದೇ ಕಾರಣಕ್ಕೆ ಒಬ್ಬರ ಇಡೀ ಬದುಕನ್ನು ಅಳೆಯುವುದು ಸರಿಯಲ್ಲ.

ಸಿ ಬಂತು, ಡಿ ಬಂತು

1983ರ ಮಾರ್ಚ್‌ನಲ್ಲಿ ಐಬಿಎಂ ತನ್ನ ಎಕ್ಸ್‌ಟಿ ಮಾದರಿಯನ್ನು 10 ಮೆಗಾಬೈಟ್ ಹಾರ್ಡ್ ಡಿಸ್ಕ್ ಜೊತೆ ತಂದಿತು. ಎ ಮತ್ತು ಬಿ ಫ್ಲಾಪಿಗಳಿಗೆ ಮೀಸಲಾಗಿದ್ದವು. ಹಾಗಾಗಿ ಹಾರ್ಡ್ ಡಿಸ್ಕ್‌ಗೆ ಸಿಕ್ಕ ಅಕ್ಷರ ಸಿ. ಫ್ಲಾಪಿ ಮಾಯವಾಗಿ ಎಷ್ಟೋ ವರ್ಷವಾದರೂ ಸಿ ತನ್ನ ಜಾಗ ಬಿಟ್ಟು ಕದಲಿಲ್ಲ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಎ, ಬಿ ಕಾಣದಿರುವುದಕ್ಕೆ ಕಾರಣ ಇಷ್ಟೇ.

ಅದರ ಜೊತೆ ಬಂದ ಡಾಸ್ 2.0ರಲ್ಲಿ ಡಿಸ್ಕ್ ಭಾಗ ಮಾಡುವ ಎಫ್‌ಡಿಸ್ಕ್ ಎಂಬ ಪ್ರೋಗ್ರಾಂ ಇತ್ತು. ಪಟ್ಟಿಯಲ್ಲಿ ನಾಲ್ಕು ಭಾಗಗಳಿಗೆ ಜಾಗ. ಒಂದೇ ಡಿಸ್ಕ್‌ನಲ್ಲಿ ಡಾಸ್ ಒಂದು ಭಾಗದಲ್ಲಿ, ಬೇರೆ ಆಪರೇಟಿಂಗ್ ಸಿಸ್ಟಂ ಇನ್ನೊಂದರಲ್ಲಿ ಇರಲಿ ಎಂಬುದು ಉದ್ದೇಶ. ಮುಂದೆ 40 ಮೆಗಾಬೈಟ್ ಡಿಸ್ಕ್‌ಗಳು ಬಂದಾಗ ಇನ್ನೊಂದು ಕಾರಣ ಸೇರಿತು. ಆಗಿನ ಡಾಸ್ ಒಂದು ಭಾಗದಲ್ಲಿ 32 ಮೆಗಾಬೈಟ್‌ಗಿಂತ ಹೆಚ್ಚನ್ನು ನಿಭಾಯಿಸುತ್ತಿರಲಿಲ್ಲ. ಉಳಿದದ್ದು ಡಿ ಆಯಿತು. ಡಿಸ್ಕ್ ಭಾಗ ಮಾಡುವುದು ಅಂದು ಅನಿವಾರ್ಯ. ಇಂದು ಆ ಮಿತಿ ಇಲ್ಲ, ಅಭ್ಯಾಸ ಉಳಿದಿದೆ.

ಆ ಹಳೆಯ ನಾಲ್ಕು ಸಾಲಿನ ಪಟ್ಟಿಯ ಹೆಸರು ಎಂಬಿಆರ್. 2 ಟೆರಾಬೈಟ್‌ಗಿಂತ ದೊಡ್ಡ ಡಿಸ್ಕನ್ನು ಅದು ಪೂರ್ತಿ ಬಳಸಲಾರದು. ಈಗಿನದು ಜಿಪಿಟಿ. ವಿಂಡೋಸ್‌ನಲ್ಲಿ ಅದು 128 ಭಾಗಗಳವರೆಗೆ ಲೆಕ್ಕ ಇಡುತ್ತದೆ, ಪಟ್ಟಿಯ ಇನ್ನೊಂದು ನಕಲನ್ನು ಡಿಸ್ಕ್‌ನ ಕೊನೆಯಲ್ಲೂ ಇಟ್ಟುಕೊಳ್ಳುತ್ತದೆ. ಪಹಣಿ ಕಳೆದರೂ ನಕಲು ಇರಲಿ ಎಂಬ ಮುಂಜಾಗ್ರತೆ.

ಅಕ್ಷರಗಳೇ ಇಲ್ಲದ ಕಂಪ್ಯೂಟರೂ ಇದೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಕೈಟ್ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸ್ ಬಳಸುತ್ತಾರೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಕಲಿಯುವುದೂ ಅದರಲ್ಲೇ. ಅಲ್ಲಿ ಸಿ, ಡಿ ಕಾಣುವುದಿಲ್ಲ. ಎಲ್ಲವೂ ಒಂದೇ ಮರದ ಕೊಂಬೆಗಳಂತೆ ಇರುತ್ತದೆ, ನಮ್ಮ ಫೈಲುಗಳು ಹೋಮ್ ಎಂಬ ಕೊಂಬೆಯಲ್ಲಿ. ಆ ಹೋಮ್ ಅನ್ನು ಬೇರೆ ಪಾರ್ಟಿಷನ್‌ನಲ್ಲಿ ಇಟ್ಟು, ಹೊಸದಾಗಿ ಸಿಸ್ಟಂ ಹಾಕುವಾಗ ಅದನ್ನು ಫಾರ್ಮ್ಯಾಟ್ ಮಾಡದೆ ಬಿಟ್ಟರೆ ಫೈಲುಗಳು ಉಳಿಯುತ್ತವೆ.

ನಾವು ನಂಬಿರುವ ನಾಲ್ಕು ಮಾತು, ಅದರಲ್ಲಿ ನಿಜ ಎಷ್ಟು?

ಮೊದಲನೆಯದು, ಡಿ ಡ್ರೈವ್‌ನಲ್ಲಿಟ್ಟರೆ ಬ್ಯಾಕಪ್ ಆದಂತೆ ಎಂಬುದು. ತಪ್ಪು. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಸಿ ಮತ್ತು ಡಿ ಒಂದೇ ಡಿಸ್ಕ್‌ನ ಎರಡು ಹಿಸ್ಸಾ. ಜಮೀನಿಗೆ ಬೆಂಕಿ ಬಿದ್ದರೆ ಎರಡೂ ಹಿಸ್ಸಾ ಸುಡುತ್ತದೆ. ಡಿಸ್ಕ್ ಕೆಟ್ಟರೆ ಎರಡೂ ಹೋಗುತ್ತದೆ.

ಎರಡನೆಯದು, ನಮ್ಮ ಫೋಟೋಗಳು ಸಿಯಲ್ಲಿ ಇಲ್ಲ ಎಂಬ ನಂಬಿಕೆ. ಒಮ್ಮೆ ನೋಡಿ. ವಿಂಡೋಸ್‌ನಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಇವೆಲ್ಲ ನಾವು ಬದಲಿಸದ ಹೊರತು ಇರುವುದು ಸಿಯಲ್ಲೇ. ಸಿ ಫಾರ್ಮ್ಯಾಟ್ ಆದರೆ ಅವೂ ಹೋದವು.

ಮೂರನೆಯದು, ಹೆಚ್ಚು ಪಾರ್ಟಿಷನ್ ಮಾಡಿದರೆ ಕಂಪ್ಯೂಟರ್ ವೇಗವಾಗುತ್ತದೆ ಎಂಬುದು. ತಿರುಗುವ ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಹೊರ ಅಂಚಿನ ಭಾಗ ತುಸು ವೇಗವಾಗಿ ಓದುತ್ತಿತ್ತು, ಅಲ್ಲಿಂದ ಬಂದಿರಬಹುದಾದ ಮಾತು ಇದು. ಇಂದಿನ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಪೋಡಿ ಮಾಡಿದ ಮಾತ್ರಕ್ಕೆ ಬೆಳೆ ಹೆಚ್ಚುವುದಿಲ್ಲ. ತದ್ವಿರುದ್ಧವಾಗಿ, ಸಿಗೆ ತೀರಾ ಕಡಿಮೆ ಜಾಗ ಕೊಟ್ಟರೆ ಅದು ಬೇಗ ತುಂಬಿ ತೊಂದರೆ ಕೊಡುತ್ತದೆ.

ನಾಲ್ಕನೆಯದು, ಫಾರ್ಮ್ಯಾಟ್ ಮಾಡಿದರೆ ಎಲ್ಲ ಶಾಶ್ವತವಾಗಿ ಅಳಿಯುತ್ತದೆ ಎಂಬುದು. ಪೂರ್ತಿ ನಿಜವಲ್ಲ. ಸಾಮಾನ್ಯವಾಗಿ ಮಾಡುವ ಕ್ವಿಕ್ ಫಾರ್ಮ್ಯಾಟ್‌ನಲ್ಲಿ ಪಟ್ಟಿ ಮಾತ್ರ ಹರಿಯುತ್ತದೆ, ಬೆಳೆ ಹೊಲದಲ್ಲೇ ನಿಂತಿರುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಆದರೆ, ಅದರ ಮೇಲೆ ಹೊಸದೇನೂ ಬರೆಯದಿದ್ದರೆ, ಫೈಲುಗಳನ್ನು ಮರಳಿ ಪಡೆಯುವ ಅವಕಾಶ ಇರುತ್ತದೆ. ಹಾಗಾಗಿ ತಪ್ಪಾಗಿ ಅಳಿಸಿದರೆ ತಕ್ಷಣ ಕಂಪ್ಯೂಟರ್ ಆಫ್ ಮಾಡಿ, ಬಳಸಬೇಡಿ. ಎಸ್‌ಎಸ್‌ಡಿಯಲ್ಲಿ ಮಾತ್ರ ಟ್ರಿಮ್ ಎಂಬ ವ್ಯವಸ್ಥೆ ಖಾಲಿ ಎಂದು ಗುರುತಾದ ಜಾಗವನ್ನು ತಾನಾಗಿಯೇ ಸ್ವಚ್ಛ ಮಾಡುತ್ತದೆ. ಅಲ್ಲಿ ಮರಳಿ ಸಿಗುವ ಆಸೆ ಬಹಳ ಕಡಿಮೆ. ಇದರ ಇನ್ನೊಂದು ಮುಖವೂ ಇದೆ. ಹಳೆಯ ಕಂಪ್ಯೂಟರ್ ಮಾರುವಾಗ ಬರೀ ಕ್ವಿಕ್ ಫಾರ್ಮ್ಯಾಟ್ ಮಾಡಿ ಕೊಡಬೇಡಿ.

ವಿಂಡೋಸ್ ಹಾಕಿಸುವ ಮುನ್ನ

ವಿಂಡೋಸ್ ಹಾಕುವಾಗ ಒಂದು ಹಂತದಲ್ಲಿ ಡಿಸ್ಕ್‌ನ ಭಾಗಗಳ ಪಟ್ಟಿ ಕಾಣುತ್ತದೆ. ಅಲ್ಲಿ ಸಿ, ಡಿ ಎಂದು ಬರೆದಿರುವುದಿಲ್ಲ! ಡ್ರೈವ್ 0, ಪಾರ್ಟಿಷನ್ 1, 2, 3 ಎಂದಿರುತ್ತದೆ. ಗುರುತು ಹಿಡಿಯಬೇಕಾದದ್ದು ಗಾತ್ರ ನೋಡಿ. ಆದ್ದರಿಂದ ಅಂಗಡಿಗೆ ಕೊಡುವ ಮುನ್ನ ಸಿ ಎಷ್ಟು ಜಿಬಿ, ಡಿ ಎಷ್ಟು ಜಿಬಿ ಎಂದು ಬರೆದಿಟ್ಟುಕೊಳ್ಳಿ. ಸುಮಾರು 100 ಎಂಬಿಯ ಸಣ್ಣ ಭಾಗಗಳೂ ಕಾಣಬಹುದು. ಅವು ಕಂಪ್ಯೂಟರ್ ಶುರುವಾಗಲು ಬೇಕಾದವು, ಕಸ ಎಂದು ಅಳಿಸಬಾರದು.

ಒಮ್ಮೊಮ್ಮೆ ಡಿಸ್ಕ್ ಹಳೆಯ ಎಂಬಿಆರ್ ಪಟ್ಟಿಯಲ್ಲಿದೆ, ಇಲ್ಲಿ ಹಾಕಲು ಆಗುವುದಿಲ್ಲ ಎಂದು ವಿಂಡೋಸ್ ಹೇಳುತ್ತದೆ. ಆಗ ಎಲ್ಲ ಪಾರ್ಟಿಷನ್ ಅಳಿಸಿ ಹೊಸದಾಗಿ ಶುರು ಮಾಡುವುದು ಸುಲಭದ ದಾರಿ. ಹಾಗೆ ಮಾಡಿದರೆ ಡಿ ಕೂಡ ಹೋಗುತ್ತದೆ. ಡಿಯಲ್ಲಿದ್ದರೆ ಏನೂ ಆಗುವುದಿಲ್ಲ ಎಂಬ ಮಾತು ಸುಳ್ಳಾಗುವುದು ಇಲ್ಲೇ. ಫೈಲು ಅಳಿಸದೆ ಪಟ್ಟಿಯನ್ನು ಮಾತ್ರ ಬದಲಿಸುವ ಎಂಬಿಆರ್2ಜಿಪಿಟಿ ಎಂಬ ಸಾಧನ ವಿಂಡೋಸ್ 10ರಿಂದ ಅದರಲ್ಲೇ ಇದೆ. ಅದನ್ನು ಬಳಸುವಾಗಲೂ ಮೊದಲು ಬ್ಯಾಕಪ್ ಇರಬೇಕು.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ತಾನಾಗಿಯೇ ಬಿದ್ದಿರಬಹುದು. ಬಯಾಸ್ ಬದಲಿಸಿದರೆ 48 ಅಂಕಿಯ ಕೀ ಕೇಳುತ್ತದೆ. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಮೊದಲೇ ಬರೆದಿಟ್ಟುಕೊಳ್ಳಿ. ಕೀ ಇಲ್ಲದಿದ್ದರೆ ಡಿಸ್ಕ್ ಚೆನ್ನಾಗಿದ್ದರೂ ಫೈಲು ಸಿಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು, ಬೇಕಾದ ಫೈಲುಗಳನ್ನು ಬೇರೆ ಪೆನ್‌ಡ್ರೈವ್ ಅಥವಾ ಹೊರಗಿನ ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿ, ತೆರೆದು ನೋಡಿ, ಅದನ್ನು ಮನೆಯಲ್ಲಿ ಇಟ್ಟು ಲ್ಯಾಪ್‌ಟಾಪ್ ಮಾತ್ರ ಅಂಗಡಿಗೆ ಒಯ್ಯಿರಿ. ಬೇರೆ ಅಕ್ಷರ ಸಾಲದು, ಬೇರೆ ವಸ್ತು ಬೇಕು.

ಮೊಬೈಲ್ ಮಾತ್ರ ಇರುವವರಿಗೂ ಇದು ಸಂಬಂಧಿಸಿದೆ. ಅದರ ಮೆಮೊರಿಯಲ್ಲೂ ಪಾರ್ಟಿಷನ್‌ಗಳಿವೆ. ಫ್ಯಾಕ್ಟರಿ ರಿಸೆಟ್ ಮಾಡಿದಾಗ ಆಂಡ್ರಾಯ್ಡ್ ಇರುವ ಭಾಗ ಹಾಗೇ ಉಳಿದು, ನಮ್ಮ ಫೋಟೋ, ಆ್ಯಪ್ ಇರುವ ಭಾಗ ಖಾಲಿಯಾಗುತ್ತದೆ. ಫೋನ್ ಮತ್ತೆ ಶುರುವಾಗುವುದು ಅದಕ್ಕೇ, ಫೋಟೋ ಮರಳಿ ಬಾರದಿರುವುದೂ ಅದಕ್ಕೇ.

ಕೊನೆಯ ವರ್ಷಗಳು

ಐಬಿಎಂ ವ್ಯವಹಾರ ತಪ್ಪಿದ ಮೇಲೆ ಕಿಲ್ಡಾಲ್ ಸುಮ್ಮನೆ ಕುಳಿತರು ಎಂದುಕೊಂಡರೆ ಅದೂ ತಪ್ಪು. 1985ರಲ್ಲಿ ಗ್ರೋಲಿಯರ್ ವಿಶ್ವಕೋಶವನ್ನು ಸಿಡಿಯಲ್ಲಿ ತಂದವರಲ್ಲಿ ಅವರು ಪ್ರಮುಖರು. ಒಂದು ಕಪಾಟು ಪುಸ್ತಕ ಅಂಗೈಯಗಲದ ತಟ್ಟೆಯಲ್ಲಿ ಸಿಗುವುದು ಆಗ ಅಚ್ಚರಿಯ ವಿಷಯ. ಕಂಪ್ಯೂಟರ್ ಕ್ರಾನಿಕಲ್ಸ್ ಎಂಬ ಟಿವಿ ಕಾರ್ಯಕ್ರಮದಲ್ಲಿ ಸ್ಟೂವರ್ಟ್ ಶೆಫೆ ಅವರ ಜೊತೆ ಹಲವು ವರ್ಷ ಕುಳಿತು, ಬೇರೆಯವರ ಹೊಸ ಆವಿಷ್ಕಾರಗಳನ್ನು ಜನರಿಗೆ ತಿಳಿಹೇಳಿದರು. ಒಳಗಿನ ಮೇಷ್ಟ್ರು ಎಲ್ಲೂ ಹೋಗಿರಲಿಲ್ಲ. ಡೊರೊಥಿ ಅವರೊಡನೆ ದಾಂಪತ್ಯ ಮುರಿದಿತ್ತು. 1991ರಲ್ಲಿ ಡಿಜಿಟಲ್ ರಿಸರ್ಚ್ ನೊವೆಲ್ ಕಂಪನಿಯ ಪಾಲಾಯಿತು.

ಹಣದ ಕೊರತೆ ಇರಲಿಲ್ಲ. ಆದರೆ ಎಲ್ಲಿ ಹೋದರೂ ಎದುರಾಗುತ್ತಿದ್ದದ್ದು ಅದೇ ವಿಮಾನದ ಕಥೆ. ತಮ್ಮ ಕಡೆಯ ವಿವರ ಹೇಳಲು 1993ರಲ್ಲಿ ನೆನಪುಗಳನ್ನು ಬರೆದು ಆಪ್ತರಿಗಷ್ಟೇ ಕೊಟ್ಟರು. 1994ರ ಜುಲೈ 11ರಂದು, ಮಾಂಟೆರೆಯಲ್ಲಿ ಕೆಲವು ದಿನಗಳ ಹಿಂದೆ ತಲೆಗೆ ಆಗಿದ್ದ ಪೆಟ್ಟಿನಿಂದ ತೀರಿಕೊಂಡರು. ಆಗ ಅವರಿಗೆ 52 ವರ್ಷ.

ಆ ನೆನಪುಗಳ ಒಂದು ಭಾಗವನ್ನು 2016ರಲ್ಲಿ ಕುಟುಂಬದವರ ಒಪ್ಪಿಗೆಯೊಂದಿಗೆ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಎಲ್ಲರಿಗೂ ಓದಲು ಕೊಟ್ಟಿತು. ಅದಕ್ಕೂ ಮೊದಲು, 2014ರಲ್ಲಿ, ಎಂಜಿನಿಯರ್‌ಗಳ ಸಂಸ್ಥೆ ಐಟ್ರಿಪಲ್‌ಇ ಪೆಸಿಫಿಕ್ ಗ್ರೋವ್‌ನಲ್ಲಿ ಅವರು ಕೆಲಸ ಮಾಡಿದ ಮನೆಯ ಮುಂದೆ ಒಂದು ಫಲಕ ಹಾಕಿ ಗೌರವಿಸಿತು. ವಿಮಾನದ ಫಾರ್ವರ್ಡ್ ನಿಮ್ಮ ಗುಂಪಿಗೆ ಮತ್ತೆ ಬಂದರೆ ಉತ್ತರವಾಗಿ ಇದನ್ನು ಕಳಿಸಿ. ಆ ಗುಂಪಿನಲ್ಲಿ ಯಾರಾದರೂ ನಾಳೆ ಲ್ಯಾಪ್‌ಟಾಪ್ ರಿಪೇರಿಗೆ ಕೊಡುವವರಿದ್ದರೆ ಅವರ ಫೋಟೋಗಳಾದರೂ ಉಳಿಯಲಿ.